ಬಿಸಿಲೇ ಬಾರದ ಗಲ್ಲಿ ಮನೆ, 3000 ರೂಪಾಯಿ ಬಜೆಟ್: ಒಳಗೆ ಪಲ್ಲೆ ಬೆಳೆಯಬಹುದಾ?

ಗಲ್ಲಿಮನೆ (ಬೆಳಗಾವಿ) · ಜುಲೈ 6

ಎಲ್ಲರಿಗೂ ನಮಸ್ಕಾರ. ನಮ್ಮದು ಶಹಾಪುರದ ಒಂದು ಸಣ್ಣ ಗಲ್ಲಿಯಲ್ಲಿ ಬಾಡಿಗೆ ಮನೆ, ಕೆಳಗಿನದು. ತಾರಸಿ ಮಾಲೀಕರದ್ದು. ಅಲ್ಲಿ ಕುಂಡ ಇಟ್ಟರೆ ನೀರು ಸೋರುತ್ತದೆ ಅಂತ ಮೊದಲ ದಿನವೇ ಹೇಳಿಬಿಟ್ಟಿದ್ದಾರೆ. ಕಿಟಕಿಯಿಂದ ಕೈ ಚಾಚಿದರೆ ಎದುರು ಮನೆಯ ಗೋಡೆ. ಬೇಸಿಗೆಯಲ್ಲೇ ಬಿಸಿಲು ಅರ್ಧ ತಾಸು ಇಣುಕಿ ಹೋಗುತ್ತದೆ. ಈಗಂತೂ ಮಳೆ ಹಿಡಿದು ಮೂರು ವಾರ ಆಯಿತು, ಸೂರ್ಯನ ಮುಖ ನೋಡಿಲ್ಲ.

ಕಿಟಕಿಯಲ್ಲಿ ಎರಡು ಸಲ ಮೆಂತೆ ಹಾಕಿದೆ. ಎರಡೂ ಸಲ ದಾರದ ಹಾಗೆ ಉದ್ದಕ್ಕೆ ಎದ್ದು, ಎಂಟನೇ ದಿನ ಮಲಗಿಬಿಟ್ಟವು. ಮೊಬೈಲ್‌ನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿ ನೋಡಿದೆ. ಮಧ್ಯಾಹ್ನ ಹನ್ನೆರಡಕ್ಕೆ ಕಿಟಕಿಯಲ್ಲಿ 700 ಲಕ್ಸ್, ಪಡಸಾಲೆಯ ಮೂಲೆಯಲ್ಲಿ 70.

ಆನ್‌ಲೈನ್‌ನಲ್ಲಿ ಗಿಡ ಬೆಳೆಸುವ ಡೇರೆ ಅಂತ ನೋಡಿದೆ. ಬೆಲೆ ನೋಡಿ ಫೋನ್ ಕೆಳಗಿಟ್ಟೆ. ನೇರಳೆ ಬಣ್ಣದ ಬಲ್ಬ್ ಮಾತ್ರ 600 ರೂಪಾಯಿಗೆ ಇದೆ. ತಗೊಳ್ಳಲಾ? ಒಟ್ಟು 3000ದಲ್ಲಿ ಮೆಂತೆ, ಕೊತ್ತಂಬರಿ, ಪಾಲಕ್ ಬೆಳೆದರೆ ಸಾಕು.

ತಾರಸಿ ಅಕ್ಕ (ಟಿಳಕವಾಡಿ) · ಜುಲೈ 6

ತಮ್ಮಾ, ಆ ನೇರಳೆ ಬಲ್ಬ್ ಮಾತ್ರ ಬೇಡ. ನಾನು ತಂದು ಕೈ ಸುಟ್ಟುಕೊಂಡಿದ್ದೇನೆ. ಡಬ್ಬಿಯ ಮೇಲೆ ದೊಡ್ಡ ವಾಟ್ ಬರೆದಿತ್ತು, ಅಳೆದಾಗ ಅದರ ಕಾಲು ಭಾಗವೂ ಇರಲಿಲ್ಲ. ಮನೆ ಪೂರ್ತಿ ನಾಟಕದ ಸ್ಟೇಜಿನ ಹಾಗೆ ಕಾಣುತ್ತಿತ್ತು. ಗಿಡ ಹಸಿರಿದೆಯೋ ಹಳದಿ ಆಗಿದೆಯೋ ಆ ಬಣ್ಣದಲ್ಲಿ ತಿಳಿಯುವುದೂ ಇಲ್ಲ. ಸಾದಾ ಬಿಳಿ ಎಲ್‌ಇಡಿ ಟ್ಯೂಬ್ ತನ್ನಿ. 6500 ಕೆ ಅಂತ ಬರೆದಿರುತ್ತದೆ. ಅದರಲ್ಲಿ ನೀಲಿ, ಕೆಂಪು, ಹಸಿರು ಎಲ್ಲ ಇರುತ್ತವೆ, ಎಲೆ ಎಲ್ಲವನ್ನೂ ಬಳಸಿಕೊಳ್ಳುತ್ತದೆ.

ನಿಮ್ಮ ಮೆಂತೆ ಯಾಕೆ ಮಲಗಿತು ಗೊತ್ತಾ? ನವರಾತ್ರಿಯಲ್ಲಿ ಘಟ ಹಾಕುತ್ತೇವಲ್ಲ, ದೇವರ ಜಗುಲಿಯ ಮುಂದೆ ಮಣ್ಣು ಹರಡಿ ಗೋದಿ, ಜೋಳ ಬಿತ್ತುತ್ತೇವೆ. ಒಂಬತ್ತು ದಿನದಲ್ಲಿ ಗೇಣುದ್ದ ಸಸಿ, ಅರಿಶಿನದಂಥ ಬಣ್ಣ. ಅದು ಕತ್ತಲಲ್ಲಿ ಬೆಳಕು ಹುಡುಕಿಕೊಂಡು ಎದ್ದ ಸಸಿ. ಕಾಳಿನಲ್ಲಿ ಹಿಟ್ಟು ಇರುವತನಕ ಏಳುತ್ತದೆ. ಗೋದಿ ದಪ್ಪ ಕಾಳು, ದಸರೆವರೆಗೆ ತಡೆಯುತ್ತದೆ. ಮೆಂತೆಯ ಗಂಟು ಸಣ್ಣದು, ವಾರಕ್ಕೇ ಮುಗಿಯುತ್ತದೆ.

ನವನಗರದ ಅಗಿ (ಬಾಗಲಕೋಟೆ) · ಜುಲೈ 7

ಅಕ್ಕಾರು ಸರಿಯಾಗಿ ಹೇಳಿದ್ದಾರೆ. ನಾನು ಲೆಕ್ಕ ಸೇರಿಸುತ್ತೇನೆ. ನಮ್ಮದು ಅಗಿ (ನಾಟಿ ಮಾಡುವ ಸಸಿ) ಬೆಳೆಸಿ ಮಾರುವ ಕೆಲಸ, ಬೆಳಕು ಕಡಿಮೆಯಾದರೆ ಹೊಟ್ಟೆಗೇ ಪೆಟ್ಟು.

ಬಯಲಿನಲ್ಲಿ ಸುಡು ಬಿಸಿಲು ಅಂದರೆ ಸುಮಾರು ಒಂದು ಲಕ್ಷ ಲಕ್ಸ್. ಸೊಪ್ಪಿಗೆ ಅಷ್ಟು ಬೇಕಿಲ್ಲ. ದಿನಕ್ಕೆ 12–14 ತಾಸು ಒಂದೇ ಸಮನೆ 10,000 ಲಕ್ಸ್ ಬಿದ್ದರೆ ಮೆಂತೆ, ಕೊತ್ತಂಬರಿ ನಿಲ್ಲುತ್ತವೆ. ಹೊಲದಷ್ಟು ದಷ್ಟಪುಷ್ಟ ಆಗುವುದಿಲ್ಲ, ಆದರೆ ಅಡುಗೆಗೆ ಬರುತ್ತದೆ. 20 ವಾಟಿನ ನಾಲ್ಕು ಅಡಿ ಎಲ್‌ಇಡಿ ಟ್ಯೂಬ್ ಸುಮಾರು 2000 ಲ್ಯೂಮೆನ್ ಬೆಳಕು ಕೊಡುತ್ತದೆ. ಒಂದು ಚದರ ಮೀಟರಿಗೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ನಾಲ್ಕು ಟ್ಯೂಬಿಗೆ 8000. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ ಅರ್ಧ ಚದರ ಮೀಟರಿಗಿಂತ ತುಸು ಜಾಸ್ತಿ. ಆಚೀಚೆ ಚೆಲ್ಲಿಹೋಗುವುದನ್ನು ಕಳೆದರೆ ಸರಿಸುಮಾರು ಆ 10,000 ಸಿಗುತ್ತದೆ. ಅಂದರೆ ಒಂದು ಹಲಗೆಗೆ ನಾಲ್ಕು ಟ್ಯೂಬ್. ಎರಡೇ ಹಾಕಿ ಇಡೀ ಹಲಗೆ ತುಂಬ ಟ್ರೇ ಇಟ್ಟರೆ ಮತ್ತೆ ದಾರವೇ.

ಟೊಮೆಟೊ, ಬದನೆ ಕಾಯಿ ಬಿಡಿಸಲು ಹೋಗಬೇಡಿ. ಅವಕ್ಕೆ ಈ ಬೆಳಕು ಮೂಗಿನ ಮೇಲೆ ತುಪ್ಪ ಸವರಿದ ಹಾಗೆ.

ಸಂಶಯ ಸಾವಕಾರ (ವಿಜಯಪುರ) · ಜುಲೈ 7

ಸಂತೆಯಲ್ಲಿ ಮೆಂತೆ ಪೆಂಡಿ 15 ರೂಪಾಯಿ. 3000ಕ್ಕೆ 200 ಪೆಂಡಿ ಬರುತ್ತವೆ. ಸುಮ್ನೆ ಕೇಳಿದೆ.

ಗಲ್ಲಿಮನೆ · ಜುಲೈ 7

ಸಾವಕಾರ್ರೇ, ಲೆಕ್ಕ ನಿಮ್ಮದೇ ಸರಿ. ಆದರೆ ಈ ಮಳೆಯಲ್ಲಿ ಬರುವ ಪೆಂಡಿಯಲ್ಲಿ ಅರ್ಧ ಕೆಸರು, ಕಾಲು ಭಾಗ ಕೊಳೆ. ಮುಖ್ಯ ಅಂದರೆ ನಮ್ಮ ಅವ್ವ. ಬೈಲಹೊಂಗಲ ಕಡೆಯ ಹೊಲಮನೆಯಲ್ಲಿ ಬೆಳೆದವಳು. ಇಲ್ಲಿ ನಾಲ್ಕು ಗೋಡೆ ನೋಡುತ್ತಾ ಕೂರುತ್ತಾಳೆ. ಕೈಗೆ ಮಣ್ಣು ಬೇಕು ಅವಳಿಗೆ.

ಸಂಶಯ ಸಾವಕಾರ · ಜುಲೈ 7

ಹಂಗಿದ್ದರೆ ನನ್ನ ಮಾತು ವಾಪಸ್. ಅವ್ವನ ಮುಂದೆ ಲೆಕ್ಕ ಇಲ್ಲ. ಕರೆಂಟ್ ಬಿಲ್ ಬಂದಾಗ ಮತ್ತೆ ಬರುತ್ತೇನೆ.

ವೈರ್‌ಮನ್ ಮಾಮಾ (ಬಾಗಲಕೋಟೆ) · ಜುಲೈ 8

ಗಿಡದ ವಿಷಯ ನನಗೆ ಗೊತ್ತಿಲ್ಲ. ನೀರು, ಕಬ್ಬಿಣದ ರ್ಯಾಕ್, ಕರೆಂಟ್ ಮೂರೂ ಒಂದೇ ಕಡೆ ಅಂದಕೂಡಲೇ ಬಂದೆ.

ಎಕ್ಸ್‌ಟೆನ್ಶನ್ ಬೋರ್ಡನ್ನು ನೆಲದ ಮೇಲೆ ಇಡಬೇಡಿ, ಟ್ರೇ ಕೆಳಗೂ ಬೇಡ. ಗೋಡೆಗೆ ಮೊಳೆ ಹೊಡೆದು ಎತ್ತರಕ್ಕೆ ಹಾಕಿ. ಟ್ಯೂಬಿನಿಂದ ಬರುವ ವೈರ್ ನೇರ ಪ್ಲಗ್ಗಿಗೆ ಹೋಗಬಾರದು. ಒಂದು ಸಲ ಕೆಳಗೆ ಜೋತು ಬಿದ್ದು ಆಮೇಲೆ ಮೇಲೆ ಹತ್ತಿ ಪ್ಲಗ್ಗಿಗೆ ಹೋಗಲಿ. ವೈರ್ ಹಿಡಿದು ಇಳಿದ ನೀರು ಆ ಜೋತಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ ಒಳಗೆ ಹೋಗುವುದಿಲ್ಲ. ಮೂರು ಪಿನ್ನಿನ ಪ್ಲಗ್ ಹಾಕಿ, ಅರ್ಥಿಂಗ್ ವೈರನ್ನು ರ್ಯಾಕಿನ ಒಂದು ಬೋಲ್ಟಿಗೆ ಬಿಗಿಯಿರಿ. ಬಾಡಿಗೆ ಮನೆ ಅಂದಿರಿ, ಅರ್ಥಿಂಗ್ ನಿಜಕ್ಕೂ ಇದೆಯಾ ಅಂತ ಮೊದಲು ಯಾರನ್ನಾದರೂ ಕರೆದು ನೋಡಿಸಿ. ಹಳೇ ಮನೆಗಳಲ್ಲಿ ಮೂರನೇ ತೂತು ಇರುತ್ತದೆ, ಅದರ ಹಿಂದೆ ವೈರೇ ಇರುವುದಿಲ್ಲ. 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿದರೆ ಇನ್ನೂ ಚಲೋ.

ಅವ್ವ ನೀರು ಹಾಕುವ ಮುಂಚೆ ಸ್ವಿಚ್ ಆಫ್ ಮಾಡುವುದನ್ನು ರೂಢಿ ಮಾಡಿಸಿ. ಇದೊಂದು ತಪ್ಪಿಸಬೇಡಿ.

ಗಲ್ಲಿಮನೆ · ಜುಲೈ 19

ಮಾಮಾ, ನಿಮ್ಮ ಮಾತು ಕೇಳಿ ನೋಡಿಸಿದೆ. ಪಡಸಾಲೆಯ ಪ್ಲಗ್ಗಿನಲ್ಲಿ ಅರ್ಥಿಂಗ್ ಇರಲೇ ಇಲ್ಲ! ಅಡುಗೆಮನೆಯದರಲ್ಲಿ ಇತ್ತು. ಹಾಗಾಗಿ ರ್ಯಾಕ್ ಈಗ ಅಡುಗೆಮನೆಯ ಬಾಗಿಲ ಪಕ್ಕ ನಿಂತಿದೆ.

ಖರ್ಚು ಹೇಳುತ್ತೇನೆ. ಗುಜರಿಯಲ್ಲಿ ಅಂಗಡಿಯವರು ಬಿಟ್ಟ ಆಂಗಲ್ ರ್ಯಾಕ್ 850ಕ್ಕೆ ಸಿಕ್ಕಿತು. ತುಕ್ಕು ಉಜ್ಜಲು ಒಂದು ಭಾನುವಾರ ಹೋಯಿತು. ಟ್ಯೂಬ್ ಒಂದಕ್ಕೆ 220, ನಾಲ್ಕಕ್ಕೆ 880. ಮುಳ್ಳು ತಿರುಗಿಸುವ ಟೈಮರ್ 450. ವೈರ್, ಪ್ಲಗ್, ಬೋರ್ಡ್ ಸೇರಿ 260. ಐದು ಕೆಜಿಯ ಕೋಕೋಪೀಟ್ ಇಟ್ಟಿಗೆ 230, ಎರೆಗೊಬ್ಬರ ಹತ್ತು ಕೆಜಿ 150, ಬಿಳಿ ಥರ್ಮಾಕೋಲ್ ಹಾಳೆ ಮೂರಕ್ಕೆ 120. ಒಟ್ಟು 2940. ಟ್ರೇಗೆ ದುಡ್ಡು ಕೊಡಲಿಲ್ಲ. ಹಣ್ಣಿನ ಅಂಗಡಿಯ ದ್ರಾಕ್ಷಿ ಕ್ರೇಟ್ ನಾಲ್ಕು, ಮನೆಯಲ್ಲಿ ಕೂಡಿಬಿದ್ದಿದ್ದ ಪ್ಲಾಸ್ಟಿಕ್ ಕುಂದಾ ಡಬ್ಬಿ ಹನ್ನೊಂದು. ಹೌದು, ಹನ್ನೊಂದು. ಯಾರು ತಿಂದರು ಅಂತ ಕೇಳಬೇಡಿ.

ಈಗ ಸಮಸ್ಯೆ. ಟ್ಯೂಬನ್ನು ಮೇಲಿನ ಹಲಗೆಯ ತಳಕ್ಕೆ ಕಟ್ಟಿದೆ. ಟ್ರೇ ಹತ್ತಿರ ಅಳೆದರೆ ಬರೇ 4000 ಲಕ್ಸ್. ಎಲ್ಲಿ ಹೋಯಿತು ಉಳಿದ ಬೆಳಕು?

ನವನಗರದ ಅಗಿ · ಜುಲೈ 19

ಟ್ಯೂಬಿಗೂ ಮಣ್ಣಿಗೂ ಎಷ್ಟು ಅಂತರ?

ಗಲ್ಲಿಮನೆ · ಜುಲೈ 19

ಎರಡು ಅಡಿ.

ನವನಗರದ ಅಗಿ · ಜುಲೈ 19

ಅಲ್ಲೇ ಹೋಯಿತು ನೋಡಿ. ನಿಮ್ಮ ಅಡುಗೆಮನೆಯ ಗೋಡೆ ಬೆಳೆಸುತ್ತಿದ್ದೀರಿ. ಎಲ್‌ಇಡಿ ಟ್ಯೂಬ್ ಎಲೆ ಸುಡುವಷ್ಟು ಕಾಯುವುದಿಲ್ಲ, ಎಲೆಯ ತುದಿಯಿಂದ ಆರೆಂಟು ಇಂಚಿಗೆ ಇಳಿಸಿ. ಎರಡೂ ತುದಿಗೆ ಸರಪಳಿ ಅಥವಾ ನೈಲಾನ್ ಹಗ್ಗ ಕಟ್ಟಿದರೆ ಗಿಡ ಬೆಳೆದ ಹಾಗೆ ಮೇಲೆತ್ತಬಹುದು. ಮೂರು ಬದಿಗೆ ಬಿಳಿ ಹಾಳೆ ನಿಲ್ಲಿಸಿ. ಮಿರಿಮಿರಿ ಅಲ್ಯೂಮಿನಿಯಂ ಹಾಳೆಯೇ ಬೇಕು ಅಂತಿಲ್ಲ. ಹೊಳಪಿಲ್ಲದ ಬಿಳಿ ಬಣ್ಣ ಬೆಳಕನ್ನು ಚೆನ್ನಾಗಿ ಹರಡುತ್ತದೆ. ರಟ್ಟಿಗೆ ಸುಣ್ಣ ಬಳಿದರೂ ನಡೆಯುತ್ತದೆ.

ವೈರ್‌ಮನ್ ಮಾಮಾ · ಜುಲೈ 19

ಥರ್ಮಾಕೋಲ್ ಟ್ಯೂಬಿಗೆ ತಾಗದಿರಲಿ. ಬೆಂಕಿ ಬೇಗ ಹಿಡಿಯುವ ಸಾಮಾನು ಅದು. ಸುಣ್ಣದ ರಟ್ಟೇ ಬೇಸ್.

ಗಲ್ಲಿಮನೆ · ಜುಲೈ 20

ಎಂಟು ಇಂಚಿಗೆ ಇಳಿಸಿದೆ. ನಡುವೆ 10,500, ಅಂಚಿನಲ್ಲಿ 7000. ಮೊಬೈಲ್ ಆ್ಯಪ್, ಅದನ್ನು ಎಷ್ಟು ನಂಬಬೇಕೋ ಅಷ್ಟೇ. ಆದರೆ ಅದೇ ಫೋನ್, ಅದೇ ಜಾಗ, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. 120 ರೂಪಾಯಿಯ ಥರ್ಮಾಕೋಲ್ ದಂಡ. ಗಣಪತಿಗೆ ಇಟ್ಟುಕೊಂಡಿದ್ದೇನೆ.

ಎರೆಮಣ್ಣು (ವಿಜಯಪುರ) · ಜುಲೈ 20

ನಾನೊಂದು ಪೆದ್ದ ಕೆಲಸ ಮಾಡಿದೆ, ನೀವು ಮಾಡಬೇಡಿ ಅಂತ ಬರೆಯುತ್ತಿದ್ದೇನೆ. ದುಡ್ಡು ಉಳಿಸಲು ಹೊಲದ ಎರೆಮಣ್ಣನ್ನೇ ಟ್ರೇಗೆ ತುಂಬಿದೆ. ಹೊಲದಲ್ಲಿ ಅದು ಬಂಗಾರ, ಜೋಳಕ್ಕೆ ಅದರಂಥದ್ದಿಲ್ಲ. ಟ್ರೇಯಲ್ಲಿ ನೀರು ಹಾಕಿದರೆ ಅಂಟು, ಒಣಗಿದರೆ ಇಟ್ಟಿಗೆ. ನಾಲ್ಕನೇ ದಿನಕ್ಕೆ ಬಿರುಕು ಬಿಟ್ಟು ಬೇರು ಹರಿದವು. ಆಳವಿಲ್ಲದ ಡಬ್ಬಿಯಲ್ಲಿ ಬೇರಿಗೆ ಗಾಳಿ ಆಡಬೇಕು, ಎರೆಮಣ್ಣು ಅದನ್ನೇ ಕೊಡುವುದಿಲ್ಲ.

ತಾರಸಿ ಅಕ್ಕ · ಜುಲೈ 20

ನಮ್ಮ ಕಡೆಯ ಕೆಂಪು ಮಣ್ಣು ಅಷ್ಟು ಕಾಡುವುದಿಲ್ಲ, ಆದರೂ ಒಳಗಿನ ಟ್ರೇಗೆ ನಾನು ಮಣ್ಣೇ ಹಾಕುವುದಿಲ್ಲ. ಎರಡು ಪಾಲು ಕೋಕೋಪೀಟ್, ಒಂದು ಪಾಲು ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಖಾನಾಪುರ ಕಡೆಯ ಭತ್ತದ ಗಿರಣಿಯಿಂದ ಸುಟ್ಟ ಹೊಟ್ಟು ಸಿಕ್ಕರೆ ಅರ್ಧ ಪಾಲು ಸೇರಿಸಿ, ಹಗುರ ಆಗುತ್ತದೆ. ಕೋಕೋಪೀಟನ್ನು ಎರಡು ಮೂರು ನೀರಲ್ಲಿ ತೊಳೆದು ಹಿಂಡಿ ಬಳಸಿ. ಅದರಲ್ಲಿ ಉಪ್ಪು ಇರುತ್ತದೆ, ಸಣ್ಣ ಅಗಿಗಳ ಎಲೆ ತುದಿ ಸುಡುತ್ತದೆ.

ಟ್ರೇ ತಳಕ್ಕೆ ತೂತು ಮರೆಯಬೇಡಿ. ಕೊತ್ತಂಬರಿ ಕಾಳನ್ನು ಚಪ್ಪಲಿಯಿಂದ ಮೆತ್ತಗೆ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಹಾಕಿ. ಹತ್ತು ದಿನ ತಡೆಯಿರಿ. ಬರಲಿಲ್ಲ ಅಂತ ಆರನೇ ದಿನ ಕೆದರಬೇಡಿ!

ಗಲ್ಲಿಮನೆ · ಆಗಸ್ಟ್ 3

ಅಕ್ಕಾರ, ಕೆದರಿದೆ. ಆರನೇ ದಿನವೇ. ಅವ್ವನ ಕೈಲಿ ಬೈಸಿಕೊಂಡೆ.

ಮೆಂತೆ ಮಾತ್ರ ನೋಡಬೇಕು ನೀವು. ಗಿಡ್ಡಕ್ಕೆ, ದಪ್ಪಕ್ಕೆ ನಿಂತಿದೆ. ಪಾಲಕ್ ನಾಲ್ಕು ಎಲೆ ಆಗಿದೆ. ಆದರೆ ಒಂದು ಟ್ರೇಯಲ್ಲಿ ಮೂಲಂಗಿ ಸಸಿಗಳು ಬುಡದಲ್ಲಿ ಹುರಿಯಂತೆ ಸೊರಗಿ ಉರುಳುತ್ತಿವೆ. ನಿನ್ನೆ ನಾಲ್ಕು, ಇವತ್ತು ಅರ್ಧ ಟ್ರೇ. ಜೊತೆಗೆ ಗುಂಗಾಡಿನಂಥ ಸಣ್ಣ ಕರಿ ಹುಳ ಹಾರಾಡುತ್ತಿವೆ. ಹೆಂಡತಿ ನೋಟೀಸ್ ಕೊಟ್ಟಿದ್ದಾಳೆ: ಚಹದ ಕಪ್ಪಿನಲ್ಲಿ ಇನ್ನೊಂದು ಹುಳ ಬಿದ್ದರೆ ರ್ಯಾಕ್ ಗಲ್ಲಿಗೆ.

ನವನಗರದ ಅಗಿ · ಆಗಸ್ಟ್ 3

ಎರಡಕ್ಕೂ ಒಂದೇ ಬೇರು: ನೀರು ಜಾಸ್ತಿ, ಗಾಳಿ ಕಡಿಮೆ. ಬುಡ ಸೊರಗಿ ಬೀಳುವುದು ಸಸಿ ಕೊಳೆ. ಮಣ್ಣಿನಲ್ಲಿರುವ ಬೂಷ್ಟು ಅದನ್ನು ತರುತ್ತದೆ. ಆ ಟ್ರೇ ಉಳಿಯುವುದಿಲ್ಲ, ಮಿಶ್ರಣ ಸಮೇತ ಹೊರಗೆ ಚೆಲ್ಲಿ. ಟ್ರೇಯನ್ನು ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೆದು ಒಣಗಿಸಿ. ಮುಂದಿನ ಸಲ ಬೀಜ ತೆಳ್ಳಗೆ ಹಾಕಿ, ಎರೆಗೊಬ್ಬರಕ್ಕೆ ಟ್ರೈಕೋಡರ್ಮಾ (ಕೆಟ್ಟ ಬೂಷ್ಟನ್ನು ತಡೆಯುವ ಒಳ್ಳೆಯ ಬೂಷ್ಟು) ಪುಡಿ ಬೆರೆಸಿ ಒಂದು ವಾರ ಗೋಣಿ ಚೀಲ ಮುಚ್ಚಿಟ್ಟು ಬಳಸಿ. ಕೃಷಿ ವಿಜ್ಞಾನ ಕೇಂದ್ರದಲ್ಲೋ ಗೊಬ್ಬರದ ಅಂಗಡಿಯಲ್ಲೋ ಕೇಳಿ ನೋಡಿ. ನಮ್ಮೂರಿನ ತೋಟಗಾರಿಕೆ ವಿಶ್ವವಿದ್ಯಾಲಯದ ಮೇಳಕ್ಕೆ ಒಮ್ಮೆ ಬನ್ನಿ, ಇಂಥದ್ದೆಲ್ಲ ಕೈಲಿ ಹಿಡಿದು ತೋರಿಸುತ್ತಾರೆ.

ಹುಳ ಬರುವುದು ಮೇಲ್ಪದರ ಸದಾ ಹಸಿ ಇರುವುದರಿಂದ. ಮೇಲಿನಿಂದ ನೀರು ಸುರಿಯಬೇಡಿ. ದೊಡ್ಡ ಪರಾತದಲ್ಲಿ ನೀರು ಇಟ್ಟು ಅದರಲ್ಲಿ ಟ್ರೇ ಇಳಿಸಿ. ಕೆಳಗಿನಿಂದ ಹೀರಿಕೊಳ್ಳಲಿ, ಕಾಲು ತಾಸಿಗೆ ತೆಗೆಯಿರಿ. ಹಳದಿ ರಟ್ಟಿಗೆ ಹರಳೆಣ್ಣೆ ಸವರಿ ನಿಲ್ಲಿಸಿದರೆ ಹಾರುವ ಹುಳ ಅಂಟುತ್ತವೆ. ಒಂದು ಸಣ್ಣ ಫ್ಯಾನ್ ಹಚ್ಚಿ. ಎಲೆ ಮೆಲ್ಲಗೆ ಅಲ್ಲಾಡಿದರೆ ಸಾಕು.

ವೈರ್‌ಮನ್ ಮಾಮಾ · ಆಗಸ್ಟ್ 4

ಫ್ಯಾನ್ ಕೊಳ್ಳಬೇಡಿ. ಹಳೇ ಕಂಪ್ಯೂಟರಿನದು ಗುಜರಿಯಲ್ಲಿ ಸಿಗುತ್ತದೆ, 12 ವೋಲ್ಟಿನದು. ಹಾಳಾದ ವೈಫೈ ಡಬ್ಬಿಯ ಅಡಾಪ್ಟರ್ 12 ವೋಲ್ಟ್ ಇದ್ದರೆ ಅದಕ್ಕೇ ಜೋಡಿಸಿ. ಎರಡು ಮೂರು ವಾಟ್ ಅಷ್ಟೇ.

ಸಂಶಯ ಸಾವಕಾರ · ಆಗಸ್ಟ್ 17

ಬಿಲ್ ಬಂತಾ?

ಗಲ್ಲಿಮನೆ · ಆಗಸ್ಟ್ 17

ಬಂತು. ನಿಮಗೇ ಕಾಯುತ್ತಿದ್ದೆ.

ನಾಲ್ಕು ಟ್ಯೂಬ್ ಅಂದರೆ 80 ವಾಟ್. ದಿನಕ್ಕೆ 14 ತಾಸು ಉರಿದರೆ 1.12 ಯೂನಿಟ್, ತಿಂಗಳಿಗೆ ಸುಮಾರು 34. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ 200 ಆಗುತ್ತದೆ ಅಂತ ಮೊದಲೇ ಗೊತ್ತಿತ್ತು. ಮರೆತದ್ದು ಗೃಹಜ್ಯೋತಿ. 200 ಯೂನಿಟ್‌ವರೆಗೆ ಪುಕ್ಕಟೆ ಅಂತ ಬಾಯಲ್ಲಿ ಹೇಳುತ್ತೇವೆ, ಅದು ಎಲ್ಲರಿಗೂ 200 ಅಲ್ಲವಲ್ಲ. ನಮ್ಮಂಥವರಿಗೆ 2022–23ರಲ್ಲಿ ಬಳಸಿದ ಸರಾಸರಿ, ಅದರ ಮೇಲೆ ಶೇ 10 ಅಷ್ಟೇ. ನಮ್ಮದು ಆಗ 70, ಹಾಗಾಗಿ ಮಿತಿ 77. ಮನೆಗೆ 65, ರ್ಯಾಕಿಗೆ 34, ಒಟ್ಟು 99. ಮಿತಿ ಮೀರಿದ 22 ಯೂನಿಟ್ಟಿಗೆ ದುಡ್ಡು ಕಟ್ಟಿದೆ. ಎರಡು ವರ್ಷದಿಂದ ಸೊನ್ನೆ ನೋಡಿದ ಮನೆಯಲ್ಲಿ 130 ರೂಪಾಯಿ ಬಿಲ್ ಅಂದರೆ ಸುದ್ದಿಯೇ.

ತಿಂಗಳ ಬೆಳೆ: ಮೆಂತೆ ಆರು ಪೆಂಡಿಯಷ್ಟು, ಕೊತ್ತಂಬರಿ ಒಂದು ಮುಷ್ಟಿ, ಪಾಲಕ್ ಇನ್ನೂ ಕೊಯ್ದಿಲ್ಲ. ನೀವು ಗೆದ್ದಿರಿ.

ಸಂಶಯ ಸಾವಕಾರ · ಆಗಸ್ಟ್ 17

ಗೆದ್ದರೂ ಖುಷಿ ಆಗಲಿಲ್ಲ. 65ಕ್ಕೂ 77ಕ್ಕೂ ನಡುವೆ 12 ಯೂನಿಟ್ ಪುಕ್ಕಟೆ ಬಿದ್ದಿದೆಯಲ್ಲ, ಅದರೊಳಗೆ ನಡೆಸಲು ಬರುವುದಿಲ್ಲವಾ?

ನವನಗರದ ಅಗಿ · ಆಗಸ್ಟ್ 17

ಸಾವಕಾರರೇ, ಇದೇ ಸರಿಯಾದ ಪ್ರಶ್ನೆ. ಎರಡು ಟ್ಯೂಬ್ ತೆಗೆದುಬಿಡಿ. ಉಳಿದ ಎರಡನ್ನು ಹತ್ತಿರ ಜೋಡಿಸಿ, ಅರ್ಧ ಹಲಗೆಯಲ್ಲಿ ಮಾತ್ರ ಬೆಳೆಯಿರಿ. ಟ್ರೇ ಮೇಲೆ ಬೀಳುವ ಬೆಳಕು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಜಾಗ ಮಾತ್ರ ಅರ್ಧ. ತಾಸು 12ಕ್ಕೆ ಇಳಿಸಿ. ದಿನಕ್ಕೆ 0.48, ತಿಂಗಳಿಗೆ 14.4 ಯೂನಿಟ್. ಪಾಲಕ್ಕಿಗೂ ಇದೇ ಒಳ್ಳೆಯದು. ಹಗಲು ಉದ್ದ ಆದರೆ ಅದು ಎಲೆ ಬಿಟ್ಟು ಹೂವಿನ ದಂಟು ಎತ್ತುತ್ತದೆ.

ಇನ್ನೊಂದು, ಪೂರ್ತಿ ಪೆಂಡಿ ಬೆಳೆಯುವ ಆಸೆ ಬಿಡಿ. ಕುಂದಾ ಡಬ್ಬಿಯಲ್ಲಿ ಮೂಲಂಗಿ, ಸಾಸಿವೆ ಒತ್ತೊತ್ತಾಗಿ ಬಿತ್ತಿ ಮೊದಲ ಎರಡೆಲೆಯಲ್ಲೇ ಕತ್ತರಿಸಿ. ಮೂರು ದಿನ ಕತ್ತಲಲ್ಲಿ ಮುಚ್ಚಿಡಬೇಕು, ಆಗ ಕರೆಂಟ್ ಬೇಡ. ಆಮೇಲೆ ಏಳು ದಿನ ಬೆಳಕು. ಎರಡು ಟ್ಯೂಬಿಗೆ ಮೂರೂವರೆ ಯೂನಿಟ್ಟಿನೊಳಗೆ ಎಲ್ಲಾ ಡಬ್ಬಿ ಮುಗಿಯುತ್ತವೆ. ಹಸಿಯಾಗಿಯೇ ರೊಟ್ಟಿ, ಶೇಂಗಾ ಚಟ್ನಿ ಜೊತೆ ತಿನ್ನಿ. ಮೂಲಂಗಿಯ ಖಾರ ಮೂಗಿಗೆ ಏರುತ್ತದೆ. ಔಷಧಿ ಸವರಿದ ಬಿತ್ತನೆ ಬೀಜ ಮಾತ್ರ ಇದಕ್ಕೆ ಬೇಡ. ಕಿರಾಣಿ ಅಂಗಡಿಯ ಸಾಸಿವೆ ಸಾಕು.

ತಾರಸಿ ಅಕ್ಕ · ಆಗಸ್ಟ್ 18

ನಾನು ರ್ಯಾಕ್ ಹಚ್ಚುವುದು ವರ್ಷಕ್ಕೆ ಮೂರು ತಿಂಗಳು ಮಾತ್ರ. ತಾರಸಿಯಲ್ಲಿ ಆಷಾಢದ ಮಳೆ ಹನಿಗೆ ಸಣ್ಣ ಅಗಿ ನೆಲಕ್ಕೊರಗುತ್ತವೆ. ಹಾಗಾಗಿ ಟೊಮೆಟೊ, ಮೆಣಸಿನಕಾಯಿ ಅಗಿಗಳನ್ನು ಒಳಗೆ ಮಾಡಿ, ಮಳೆ ಹಿಂದೆ ಸರಿದ ಮೇಲೆ ಮೇಲೆ ನೆಡುತ್ತೇನೆ. ನನಗೆ ಕೇಳಿದರೆ ಈ ಟ್ಯೂಬಿನ ದುಡ್ಡು ವಾಪಸ್ ಬರುವುದು ಅಗಿಯಲ್ಲಿ, ಪಲ್ಲೆಯಲ್ಲಿ ಅಲ್ಲ. ತಮ್ಮಾ, ಈ ವರ್ಷ ನನಗೆ ಮೊಣಕಾಲು ನೋವು, ಬೀಜ ಹಾಕಿಲ್ಲ. ನೀವೇ 20 ಟೊಮೆಟೊ ಅಗಿ ಮಾಡಿಕೊಡಿ, ದುಡ್ಡು ಕೊಡುತ್ತೇನೆ.

ಗಲ್ಲಿಮನೆ · ಆಗಸ್ಟ್ 18

ಅಕ್ಕಾರ, ದುಡ್ಡು ಬೇಡ. ನಿಮ್ಮ ತಾರಸಿಯ ಕರಿಬೇವು ಕೊಡಿ.

ಎರೆಮಣ್ಣು · ಆಗಸ್ಟ್ 20

ಬೆಳಗಾವಿಯವರು ಬಿಸಿಲಿಲ್ಲ ಅಂತ ಅಳುತ್ತೀರಿ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ, ಹೊರಗೆ ಇಟ್ಟ ಕೊತ್ತಂಬರಿ ಕಡ್ಡಿಯಾಗುತ್ತದೆ. ನಾನು ಒಳಗೆ ಬೆಳೆಯುವುದು ಬಿಸಿಲಿಗೆ ಹೆದರಿ. ನಮ್ಮ ಹಳೇ ಮಾಳಿಗೆ ಮನೆ, ಮೇಲೆ ಮಣ್ಣು, ದಪ್ಪ ಗೋಡೆ. ಹೊರಗಿಗಿಂತ ಎಷ್ಟೋ ತಂಪು. ಟೈಮರನ್ನು ಉಲ್ಟಾ ಇಟ್ಟಿದ್ದೇನೆ. ಸಂಜೆ ಆರಕ್ಕೆ ಟ್ಯೂಬ್ ಹತ್ತಿ ಬೆಳಿಗ್ಗೆ ಆರಕ್ಕೆ ಆರುತ್ತದೆ. ಟ್ಯೂಬಿನ ಶಾಖ ರಾತ್ರಿಯ ತಂಪಿನಲ್ಲಿ ಕರಗುತ್ತದೆ. ಸುಡು ಮಧ್ಯಾಹ್ನ ಗಿಡಕ್ಕೆ ರಾತ್ರಿ. ಗಿಡಕ್ಕೇನು ಗಡಿಯಾರ ಗೊತ್ತಾ?

ನಮ್ಮ ಇನ್ನೊಂದು ತಾಪತ್ರಯ ಬೋರ್‌ವೆಲ್ ನೀರು. ಉಪ್ಪು, ಸುಣ್ಣ. ಕೆಳಗಿನಿಂದ ನೀರು ಕುಡಿಸಿದರೆ ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಹೊಸ ಎಲೆ ಹಳದಿ. ಹದಿನೈದು ದಿನಕ್ಕೊಮ್ಮೆ ಮೇಲಿನಿಂದ ಧಾರಾಳ ನೀರು ಹಾಕಿ ತೊಳೆದು ಬಿಡುತ್ತೇನೆ. ಮಳೆ ನೀರು ಹಿಡಿದಿಟ್ಟರೆ ಅದಕ್ಕಿಂತ ಚಲೋ ಬೇರೆ ಇಲ್ಲ. ಏರ್ ಕೂಲರಿನಲ್ಲಿ ಉಳಿದ ನೀರು ಹಾಕಬೇಡಿ, ಅದರಲ್ಲಿ ಉಪ್ಪು ಇನ್ನೂ ಗಟ್ಟಿಯಾಗಿರುತ್ತದೆ. ಶುದ್ಧ ನೀರಿನ ಘಟಕದವರು ಹೊರಗೆ ಬಿಡುವ ನೀರೂ ಹಾಗೇ.

ಗಲ್ಲಿಮನೆ · ಆಗಸ್ಟ್ 20

ಉಲ್ಟಾ ಟೈಮರ್ ಕೇಳಿ ನೆನಪಾಯಿತು. ಇಲ್ಲಿ ಕರೆಂಟ್ ಹೋದಾಗಲೆಲ್ಲ ನನ್ನ ಟೈಮರ್ ಮುಳ್ಳು ನಿಂತುಬಿಡುತ್ತದೆ. ವಾರದಲ್ಲಿ ಮೂರು ತಾಸು ಹಿಂದೆ ಬಿದ್ದು, ಮೊನ್ನೆ ರಾತ್ರಿ ಹನ್ನೊಂದಕ್ಕೆ ಅಡುಗೆಮನೆ ಝಗಝಗ. ಅವ್ವ ಕಳ್ಳ ಅಂದುಕೊಂಡು ಲಟ್ಟಣಿಗೆ ಹಿಡಿದು ಎದ್ದಳು. ಈಗ ಪ್ರತಿ ಭಾನುವಾರ ಮುಳ್ಳು ತಿರುಗಿಸುವುದೂ ಒಂದು ಕೆಲಸ.

ಗಲ್ಲಿಮನೆ · ದಸರೆಯ ಮರುದಿನ

ಎಲ್ಲರಿಗೂ ಬನ್ನಿ. ಬಹಳ ದಿನ ಆಯಿತು, ವರದಿ ಕೊಡಬೇಕು.

ಎರಡು ಟ್ಯೂಬಿನ ಮೇಲೆ ನಡೆಯುತ್ತಿದೆ. ಹೋದ ತಿಂಗಳ ಬಿಲ್ಲಿನಲ್ಲಿ ಮಿತಿಗಿಂತ ಎರಡು ಯೂನಿಟ್ ಮಾತ್ರ ಜಾಸ್ತಿ. ಉಳಿದೆರಡು ಟ್ಯೂಬಲ್ಲಿ ಒಂದು ಪಡಸಾಲೆಗೆ ಹಾಕಿದೆ, ಮಗಳ ಓದಿಗೆ ಆಯಿತು. ಪಾಲಕ್ ಎರಡು ಸಲ ಕೊಯ್ದೆವು. ಹುಳ ಪೂರ್ತಿ ಹೋಗಿಲ್ಲ, ಚಹದಲ್ಲಿ ಮಾತ್ರ ಬಿದ್ದಿಲ್ಲ.

ದೊಡ್ಡ ಜಗಳ ಆದದ್ದು ಘಟದ ಮೇಲೆ. ದೇವರ ಜಗುಲಿ ಕತ್ತಲು, ಈ ಸಲ ರ್ಯಾಕಿನಲ್ಲಿ ಹಾಕೋಣ, ಸಸಿ ಹೇಗೆ ಬರುತ್ತವೆ ನೋಡು ಅಂತ ಅವ್ವನನ್ನು ಒಪ್ಪಿಸಿದೆ. ಬಂದವು. ನಾಲ್ಕು ಬೆರಳು ಎತ್ತರ, ಗಟ್ಟಿ ಕಾಂಡ, ಕಡು ಹಸಿರು. ನನಗೆ ಹೆಮ್ಮೆ. ಅವ್ವ ಬಗ್ಗಿ ನೋಡಿ, "ಇದೇನು ಸಸಿಯೋ ಕರಿಕೆಯೋ? ಟೋಪಿಯಲ್ಲಿ ಸಿಗಿಸಿದರೆ ಬಂಗಾರದಂಗ ಕಾಣಬೇಕು" ಅಂದಳು. ಐದನೇ ದಿನ ನಾನು ಕೆಲಸಕ್ಕೆ ಹೋದಾಗ ಮೇಲೆ ದೊಡ್ಡ ರಟ್ಟಿನ ಡಬ್ಬಿ ಬೋರಲು ಹಾಕಿದ್ದಾಳೆ. ದಸರೆಗೆ ಅರ್ಧ ಹಸಿರು, ಅರ್ಧ ಹಳದಿ. ಗಲ್ಲಿಯಲ್ಲಿ ಎಲ್ಲರೂ ಇದು ಯಾವ ತಳಿ ಅಂತ ಕೇಳಿದರು.

ತಾರಸಿ ಅಕ್ಕ · ದಸರೆಯ ಮರುದಿನ

ನಿಮ್ಮ ಅವ್ವನನ್ನು ಒಮ್ಮೆ ಮನೆಗೆ ಕರೆದುಕೊಂಡು ಬನ್ನಿ.

ಸಂಶಯ ಸಾವಕಾರ · ದಸರೆಯ ಮರುದಿನ

ಉಳಿದ ಸಸಿ ಏನು ಮಾಡಿದಿರಿ?

ಗಲ್ಲಿಮನೆ · ದಸರೆಯ ಮರುದಿನ

ಆಕಳಿಗೆ ಹಾಕಿದೆವು, ಅದು ಬಣ್ಣ ನೋಡಲಿಲ್ಲ. ಅಕ್ಕಾರ, ನಿಮ್ಮ ಟೊಮೆಟೊ ಅಗಿ 17 ಉಳಿದಿವೆ, ಮೂರು ಸತ್ತವು. ನಾಳೆಯಿಂದ ದಿನಾ ಎರಡು ತಾಸು ಗಲ್ಲಿಯ ಕಟ್ಟೆ ಮೇಲಿಟ್ಟು ಹೊರಗಿನ ಗಾಳಿ ರೂಢಿ ಮಾಡಿಸುತ್ತೇನೆ. ಮುಂದಿನ ಭಾನುವಾರ ಅವ್ವನ ಜೊತೆ ತರುತ್ತೇನೆ. ಕರಿಬೇವು ಕಿತ್ತಿಟ್ಟಿರಿ.